ಟರ್ಬೋ ಬದಲಿಸಿದರೂ ನಿಲ್ಲದ ನೀಲಿ ಹೊಗೆ: ಒಂದು ಕ್ರ್ಯಾಂಕ್‌ಕೇಸ್ ಪ್ರಕರಣ

ಇದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಿಂದ ನಮ್ಮ ಗ್ಯಾರೇಜಿಗೆ ಬಂದ ಕಾರಿನ ಪ್ರಕರಣ. ಕಾರಿನ ಕಂಪನಿ, ಮಾಲೀಕರ ಹೆಸರು, ಮೊದಲು ಕೆಲಸ ಮಾಡಿದ ಗ್ಯಾರೇಜು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಈ ತೊಂದರೆ ಯಾವ ಕಂಪನಿಯ ಟರ್ಬೋ ಪೆಟ್ರೋಲ್ ಇಂಜಿನ್ನಿನಲ್ಲಾದರೂ ಬರಬಹುದು. ಟರ್ಬೋ ಎಂದರೆ ಇಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಭಾಗ. ಸರಿಯಾಗಿದ್ದ ಒಂದು ಟರ್ಬೋವನ್ನು ಬಿಚ್ಚಿ ಪಕ್ಕಕ್ಕಿಟ್ಟು, ಸರಿಯಾಗಿದ್ದ ಇಂಜಿನ್ನನ್ನೂ ಬಿಚ್ಚುವ ಹಂತಕ್ಕೆ ಬಂದಿದ್ದರು. ಇನ್ನೊಬ್ಬರಿಗೆ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ.

ಕಾರಿನ ಹಿನ್ನೆಲೆ

ಮೂರು ಸಿಲಿಂಡರಿನ, ನೇರ ಇಂಜೆಕ್ಷನ್ ಇರುವ ಸಣ್ಣ ಟರ್ಬೋ ಪೆಟ್ರೋಲ್ ಇಂಜಿನ್. ಓಡಿದ್ದು 60 ಸಾವಿರ ಕಿಲೋಮೀಟರ್ ಆಸುಪಾಸು. ಮಾಲೀಕರು ಹೈಸ್ಕೂಲ್ ಶಿಕ್ಷಕಿ. ಮನೆಯಿಂದ ಶಾಲೆಗೆ ನಾಲ್ಕು ಕಿಲೋಮೀಟರ್ ದೂರ. ಬೆಳಿಗ್ಗೆ ಹೋದರೆ ಸಂಜೆಯವರೆಗೆ ಕಾರು ಮಳೆಯಲ್ಲೋ ಮಂಜಿನಲ್ಲೋ ನಿಂತಿರುತ್ತದೆ. ತಿಂಗಳಿಗೆ ಒಂದೆರಡು ಸಲ ಚಾರ್ಮಾಡಿ ಘಾಟಿ ಇಳಿದು ಕರಾವಳಿಗೆ ಹೋಗಿಬರುವುದು. ಸರ್ವಿಸನ್ನು ಅವರು ಒಮ್ಮೆಯೂ ತಪ್ಪಿಸಿಲ್ಲ. ಪುಸ್ತಕದಲ್ಲಿ ಹೇಳಿದ 0ಡಬ್ಲ್ಯೂ-20 ಎಂಬ ತೆಳು ಆಯಿಲನ್ನೇ ಹಾಕಿಸಿದ್ದಾರೆ.

ಈ ಓಡಾಟದ ರೀತಿಯನ್ನು ನೆನಪಿಟ್ಟುಕೊಳ್ಳಿ. ಇಡೀ ಪ್ರಕರಣ ಅದರ ಮೇಲೆ ನಿಂತಿದೆ.

ತೊಂದರೆ ಏನಿತ್ತು

ಘಾಟಿ ಹತ್ತುವಾಗ ಹಿಂದಿನಿಂದ ನೀಲಿ ಹೊಗೆ, ಅಂದರೆ ಆಯಿಲ್ ಉರಿಯುತ್ತಿದೆ. ಆಯಿಲ್ ಕಡಿಮೆಯಾಗುತ್ತಿತ್ತು. ಎರಡು ಸರ್ವಿಸ್‌ಗಳ ಮಧ್ಯೆ ಮತ್ತೆ ಮತ್ತೆ ತುಂಬಿಸಬೇಕಾಗಿತ್ತು. ನಗರದ ಒಂದು ಗ್ಯಾರೇಜಿನಲ್ಲಿ ಇಂಟರ್‌ಕೂಲರ್ (ಟರ್ಬೋದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ) ಪೈಪ್ ಬಿಚ್ಚಿ ನೋಡಿದಾಗ ಒಳಗೆ ಆಯಿಲ್ ನಿಂತಿತ್ತು. ಟರ್ಬೋ ಸೀಲ್ ಹೋಗಿದೆ ಅಂದರು. ಹೊಸ ಟರ್ಬೋ ಹಾಕಿದರು. ಕೆಲವು ವಾರ ಹೊಗೆ ಕಾಣಲಿಲ್ಲ. ಆಮೇಲೆ ಮೊದಲಿನ ಹಾಗೇ ಶುರುವಾಯಿತು.

ಎರಡನೇ ಸಲ ಹೋದಾಗ ಇಂಜಿನ್ ಬೋರಿಗೆ ಬಂದಿದೆ (ಸಿಲಿಂಡರ್ ಸವೆದಿದೆ), ಪಿಸ್ಟನ್ ರಿಂಗ್ ಬದಲಿಸಬೇಕು ಅಂದರು. ಅಲ್ಲಿಯವರೆಗೆ ದಪ್ಪ ಆಯಿಲ್ ಹಾಕಿ ಓಡಿಸಿ ಎಂಬ ಸಲಹೆಯೂ ಬಂತು. ಅವರು ಅದಕ್ಕೆ ಒಪ್ಪದೆ ನಮ್ಮಲ್ಲಿಗೆ ಬಂದರು. “ಅಣ್ಣ, ಹೊಸ ಟರ್ಬೋ ಹಾಕಿಸಿದ ಮೇಲೂ ಹೀಗಾದ್ರೆ ಇಂಜಿನ್ ಬಿಚ್ಚಿಸಿದ ಮೇಲೆ ಸರಿಯಾಗುತ್ತೆ ಅಂತ ಏನು ಗ್ಯಾರಂಟಿ?” ಎಂದು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ಅವರು ಮಾಡಿದ ಇನ್ನೊಂದು ಒಳ್ಳೆಯ ಕೆಲಸವೆಂದರೆ ಹಳೆಯ ಟರ್ಬೋವನ್ನು ಗ್ಯಾರೇಜಿನಲ್ಲಿ ಬಿಡದೆ ಡಬ್ಬದಲ್ಲಿ ಹಾಕಿಸಿಕೊಂಡು ಮನೆಗೆ ತಂದಿದ್ದು. ಬಿಚ್ಚಿದ ಭಾಗವನ್ನು ಕೇಳಿ ತಗೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಟರ್ಬೋ ಇಂಜಿನ್ ಉಸಿರಾಡುವ ದಾರಿ

ಮುಂದೆ ಹೋಗುವ ಮೊದಲು ಇದು ಸ್ವಲ್ಪ ಗೊತ್ತಿರಬೇಕು. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಸ್ವಲ್ಪ ಗ್ಯಾಸ್ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗೆ, ಅಂದರೆ ಇಂಜಿನ್ನಿನ ತಳಭಾಗವಾದ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ. ಇದೇ ಬ್ಲೋ-ಬೈ. ಹೊಚ್ಚ ಹೊಸ ಇಂಜಿನ್ನಿನಲ್ಲೂ ಇದು ಇದ್ದೇ ಇರುತ್ತದೆ. ಪೂರ್ತಿ ಎಕ್ಸಲರೇಟರ್ ತುಳಿದಾಗ ನಿಮಿಷಕ್ಕೆ ಹತ್ತಾರು ಲೀಟರ್ ಆಗಬಹುದು. ಅದರಲ್ಲಿ ಉರಿಯದ ಪೆಟ್ರೋಲ್, ನೀರಿನ ಆವಿ, ಆಯಿಲಿನ ಮಂಜು ಎಲ್ಲವೂ ಸೇರಿರುತ್ತವೆ. ಈ ಗ್ಯಾಸ್ ಹೊರಗೆ ಹೋಗಲೇಬೇಕು. ಹೋಗದಿದ್ದರೆ ಒಳಗೆ ಒತ್ತಡ ಏರಿ ಸೀಲುಗಳಿಂದ ಆಯಿಲ್ ತಳ್ಳಿಸಿಕೊಂಡು ಬರುತ್ತದೆ.

ಹಿಂದೆ ಒಂದು ಪೈಪ್ ಇಟ್ಟು ಇದನ್ನು ರಸ್ತೆಗೇ ಬಿಡುತ್ತಿದ್ದರು. ಹಳೆಯ ಟ್ರ್ಯಾಕ್ಟರ್, ಲಾರಿಗಳ ಬ್ರೀದರ್ ಪೈಪಿನಿಂದ ಆಯಿಲ್ ತೊಟ್ಟಿಕ್ಕುವುದನ್ನು ನೋಡಿರುತ್ತೀರಿ. 1960ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಗೆಮಂಜಿನ ಕಾಟ ಹೆಚ್ಚಾದಾಗ ಈ ಗ್ಯಾಸನ್ನು ಮತ್ತೆ ಇಂಜಿನ್ನಿಗೇ ಎಳೆದು ಉರಿಸುವ ಪಿಸಿವಿ ವ್ಯವಸ್ಥೆ ಕಾರುಗಳಿಗೆ ಬಂತು.

ಟರ್ಬೋ ಇಲ್ಲದ ಪೆಟ್ರೋಲ್ ಇಂಜಿನ್ನಿನಲ್ಲಿ ಕೆಲಸ ಸುಲಭ. ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಲ್ಲಿ, ಹೆಚ್ಚು ಹೊತ್ತು ಸೆಳೆತ ಇರುತ್ತದೆ. ಅದೇ ಗ್ಯಾಸನ್ನು ಎಳೆದುಕೊಳ್ಳುತ್ತದೆ. ಟರ್ಬೋ ಇದ್ದರೆ ಹಾಗಲ್ಲ. ಬೂಸ್ಟ್ (ಟರ್ಬೋ ಒತ್ತಿ ತುಂಬುವ ಗಾಳಿ) ಬಂದ ಕೂಡಲೇ ಮ್ಯಾನಿಫೋಲ್ಡಿನಲ್ಲಿ ಸೆಳೆತ ಹೋಗಿ ಒತ್ತಡ ಬರುತ್ತದೆ. ಅದಕ್ಕೇ ಎರಡು ದಾರಿ. ಐಡಲ್‌ನಲ್ಲಿ, ನಿಧಾನ ಓಟದಲ್ಲಿ ಗ್ಯಾಸ್ ಸೀದಾ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಬೂಸ್ಟ್ ಬಂದಾಗ ಆ ದಾರಿಯನ್ನು ಒಂದು ಒನ್-ವೇ ವಾಲ್ವ್ ಮುಚ್ಚಬೇಕು. ಆಗ ಗ್ಯಾಸ್ ಎರಡನೇ ಪೈಪಿನಲ್ಲಿ, ಏರ್ ಫಿಲ್ಟರಿಗೂ ಟರ್ಬೋಗೂ ನಡುವಿನ ಜಾಗಕ್ಕೆ ಹೋಗುತ್ತದೆ. ಟರ್ಬೋ ಗಾಳಿ ಎಳೆಯುವುದರಿಂದ ಅಲ್ಲಿ ಸಣ್ಣ ಸೆಳೆತ ಇರುತ್ತದೆ. ಎಲ್ಲವೂ ಸರಿ ಇದ್ದರೆ ಕ್ರ್ಯಾಂಕ್‌ಕೇಸಿನ ಒತ್ತಡ ಹೊರಗಿನ ಗಾಳಿಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ.

ಟರ್ಬೋದ ಶಾಫ್ಟಿಗೆ ಆಯಿಲ್ ಪಂಪಿನ ಒತ್ತಡದಲ್ಲಿ ಬರುತ್ತದೆ. ವಾಪಸ್ ಹೋಗುವುದು ಮಾತ್ರ ತನ್ನ ತೂಕದಿಂದ, ಒಂದು ದಪ್ಪ ಪೈಪಿನಲ್ಲಿ ಇಳಿದು ಇಂಜಿನ್ ತಳದ ಆಯಿಲ್ ತೊಟ್ಟಿಗೆ. ಶಾಫ್ಟಿನ ಸೀಲ್ ಕೂಡ ರಬ್ಬರಿನದ್ದಲ್ಲ, ಸಣ್ಣ ಲೋಹದ ರಿಂಗ್. ಆಯಿಲನ್ನು ಪೂರ್ತಿ ತಡೆದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಕ್ಯಾನಿನ ಬಾಯಿಗೆ ಆಲಿಕೆ ಬಿಗಿಯಾಗಿ ಕೂತಾಗ ಒಳಗಿನ ಗಾಳಿಗೆ ದಾರಿಯಿಲ್ಲದೆ ಎಣ್ಣೆ ಆಲಿಕೆಯಲ್ಲೇ ನಿಲ್ಲುತ್ತದಲ್ವಾ? ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿದರೆ ಟರ್ಬೋದಲ್ಲೂ ಅದೇ ಆಗುತ್ತದೆ. ಆಯಿಲ್ ಕೆಳಗೆ ಇಳಿಯದೆ ಎರಡೂ ಕಡೆಯಿಂದ ಸೋರುತ್ತದೆ. ಒಂದು ಕಡೆ ಇಂಟರ್‌ಕೂಲರಿಗೆ, ಇನ್ನೊಂದು ಕಡೆ ಸೈಲೆನ್ಸರಿಗೆ. ನೋಡಿದವರಿಗೆ ಟರ್ಬೋ ಹೋಗಿದೆ ಅಂತಲೇ ಕಾಣುತ್ತದೆ.

ನಾವು ಮೊದಲು ಮಾಡಿದ್ದು ಮಾತುಕತೆ

ಸ್ಪ್ಯಾನರ್ ಹಿಡಿಯುವ ಮೊದಲು ಹೊಗೆ ಯಾವಾಗ ಬರುತ್ತದೆ ಎಂದು ವಿವರವಾಗಿ ಕೇಳಿದೆವು. ಸಿಲಿಂಡರಿನ ಮೇಲಿನ ವಾಲ್ವುಗಳ ಸೀಲ್ ಹೋಗಿದ್ದರೆ ರಾತ್ರಿ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ಇಲ್ಲವೇ ಇಳಿಜಾರು ಮುಗಿದು ಮತ್ತೆ ಎಕ್ಸಲರೇಟರ್ ಕೊಟ್ಟಾಗ ಹೊಗೆ ಹೆಚ್ಚು. ಇವರಿಗೆ ಬರುತ್ತಿದ್ದದ್ದು ಏರು ಹತ್ತುವಾಗ, ಬೂಸ್ಟ್ ಬಂದಾಗ ಮಾತ್ರ. ಐಡಲ್‌ನಲ್ಲಿ ಒಂದು ಎಳೆ ಹೊಗೆಯೂ ಇಲ್ಲ. ಹಾಗಾಗಿ ರಿಂಗ್, ಟರ್ಬೋ, ಕ್ರ್ಯಾಂಕ್‌ಕೇಸ್ ಒತ್ತಡ ಈ ಮೂರರ ಮೇಲೆ ಅನುಮಾನ ಉಳಿಯಿತು.

ಮಾತಿನ ನಡುವೆ ಅವರು ಇನ್ನೊಂದು ವಿಷಯ ಹೇಳಿದರು. “ಆಯಿಲ್ ನೋಡೋ ಕಡ್ಡಿ ಆಗಾಗ ಮೇಲೆ ಎದ್ದಿರ್ತಿತ್ತು. ಅದಕ್ಕೆ ಅಲ್ಲಿ ಟ್ಯಾಗ್ ಹಾಕಿ ಕಟ್ಟಿಕೊಟ್ಟಿದ್ದಾರೆ.” ಬಾನೆಟ್ ಎತ್ತಿ ನೋಡಿದರೆ ನಿಜ. ಡಿಪ್‌ಸ್ಟಿಕ್ಕನ್ನು ಪ್ಲಾಸ್ಟಿಕ್ ಟ್ಯಾಗಿನಲ್ಲಿ ಬಿಗಿದು ಕಟ್ಟಿದ್ದರು. ಈ ಪ್ರಕರಣದ ಮೊದಲ ತಿರುವು ಇದೇ. ಡಿಪ್‌ಸ್ಟಿಕ್ ತಾನಾಗಿ ಮೇಲೆ ಏಳಬೇಕಾದರೆ ಕೆಳಗಿನಿಂದ ಏನೋ ತಳ್ಳಬೇಕು. ಕಟ್ಟಿಹಾಕಿದ ಮೇಲೆ ಆ ಒತ್ತಡ ಬೇರೆ ದಾರಿ ಹುಡುಕಿತ್ತು. ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಹೊಸದಾಗಿ ಆಯಿಲ್ ಬೆವರು ಕಾಣುತ್ತಿತ್ತು. ಅಂದರೆ ಕ್ರ್ಯಾಂಕಿನ ಹಿಂದಿನ ಸೀಲ್ ಮೇಲೂ ಒತ್ತಡ ಬಿದ್ದಿತ್ತು.

ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅಡಿಯಲ್ಲಿ ಮೆತ್ತನೆಯ ಬಿಳಿ ಗಸಿ. ಇದನ್ನು ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ ಹೋಗಿದೆ ಎನ್ನುವವರು ಬಹಳ ಜನ. ನಮ್ಮಲ್ಲಿ ಕೂಲೆಂಟ್ ಮಟ್ಟ ಇಳಿದಿರಲಿಲ್ಲ, ಡಿಪ್‌ಸ್ಟಿಕ್ಕಿನಲ್ಲಿದ್ದ ಆಯಿಲ್ ಸ್ವಚ್ಛವಾಗಿತ್ತು. ಹಾಗಾದರೆ ನೀರು ಎಲ್ಲಿಂದ? ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಅದರ ಒಂದು ಪಾಲು ಬ್ಲೋ-ಬೈ ಜೊತೆ ಕೆಳಗೆ ಬರುತ್ತದೆ. ಆಯಿಲ್ ಚೆನ್ನಾಗಿ ಬಿಸಿಯಾದರೆ ಈ ನೀರು ಆವಿಯಾಗಿ ಹೊರಟುಹೋಗುತ್ತದೆ. ನಾಲ್ಕು ಕಿಲೋಮೀಟರಿನಲ್ಲಿ ಆಯಿಲ್ ಬಿಸಿಯಾಗುವುದೇ ಇಲ್ಲ. ಮಳೆಗಾಲದಲ್ಲಂತೂ ಪೈಪಿನ ಗೋಡೆ ತಣ್ಣಗಿದ್ದು, ಆವಿ ಅಲ್ಲೇ ನೀರಾಗಿ ಆಯಿಲ್ ಜೊತೆ ಕಲೆಸಿ ಗಸಿಯಾಗುತ್ತದೆ.

ಅಳತೆ

ರಿಂಗ್ ಹೋಗಿದೆಯೋ ಇಲ್ಲವೋ ಎಂಬುದನ್ನು ಮೊದಲು ತೀರ್ಮಾನಿಸಬೇಕಿತ್ತು. ಅದು ದೊಡ್ಡ ಖರ್ಚಿನ ಮಾತು. ಲೀಕ್-ಡೌನ್ ಟೆಸ್ಟ್ ಮಾಡಿದೆವು. ಒಂದೊಂದೇ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವ ಪರೀಕ್ಷೆ. ಮೂರರಲ್ಲೂ ಸೋರಿಕೆ 10%ಕ್ಕಿಂತ ಕಡಿಮೆ. ಬೋರಿಗೆ ಬಂದ ಇಂಜಿನ್ ಹೀಗಿರುವುದಿಲ್ಲ. ಇಂಜಿನ್ ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು.

ಮುಂದಿನದು ಕ್ರ್ಯಾಂಕ್‌ಕೇಸ್ ಒತ್ತಡ. ಗಾರೆಯವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪಿಗೆ ನೀರು ತುಂಬಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ಕೊಳವೆಗೆ ಸಿಕ್ಕಿಸಿದೆವು. ಎರಡು ಕಡೆಯ ನೀರಿನ ಎತ್ತರದಲ್ಲಿ ಒಂದು ಸೆಂಟಿಮೀಟರ್ ವ್ಯತ್ಯಾಸ ಎಂದರೆ ಸುಮಾರು ಒಂದು ಮಿಲಿಬಾರ್. ಐಡಲ್‌ನಲ್ಲಿ ನೀರು ಇಂಜಿನ್ ಕಡೆಗೆ ಎಳೆಯಿತು. ಸುಮಾರು 20 ಸೆಂಟಿಮೀಟರ್, ಅಂದರೆ 20 ಮಿಲಿಬಾರ್ ಸೆಳೆತ. ಪೂರ್ತಿ ಸರಿಯಾದ ಅಳತೆ. ಸ್ಕ್ಯಾನರಿನಲ್ಲೂ ಯಾವ ದೋಷದ ಕೋಡ್ ಇಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಪಿಸಿವಿ ಸರಿ ಇದೆ ಎಂದು ಬರೆದು ಮತ್ತೆ ಟರ್ಬೋ ಕಡೆಗೇ ಬೆರಳು ತೋರಿಸುತ್ತಿದ್ದೆವು. ಆದರೆ ಹೊಗೆ ಬರುವುದು ಐಡಲ್‌ನಲ್ಲಿ ಅಲ್ಲ. ನಿಂತಲ್ಲೇ ರೇಸ್ ಮಾಡಿದರೂ ಬೂಸ್ಟ್ ಸರಿಯಾಗಿ ಬರುವುದಿಲ್ಲ, ಇಂಜಿನ್ ಮೇಲೆ ಭಾರ ಬೀಳಬೇಕು. ಹಾಗಾಗಿ ಏರುದಾರಿಯಲ್ಲಿ ಓಡಿಸುತ್ತಾ ಅಳೆಯಬೇಕಿತ್ತು. ಓಡುವ ಕಾರಿನಲ್ಲಿ ನೀರಿನ ಪೈಪ್ ತುಳುಕುತ್ತದೆ. ಹಳೆಯ ಟರ್ಬೋ ಕಾರಿನಿಂದ ತೆಗೆದಿಟ್ಟಿದ್ದ ಮ್ಯಾಪ್ ಸೆನ್ಸರನ್ನು (ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಸೆನ್ಸರ್) ಡಿಪ್‌ಸ್ಟಿಕ್ ಕೊಳವೆಗೆ ಜೋಡಿಸಿ, ಐದು ವೋಲ್ಟ್ ಕೊಟ್ಟು, ಮಲ್ಟಿಮೀಟರನ್ನು ಕಾರಿನೊಳಗೆ ತಂದೆವು. ಪಕ್ಕದ ಸೀಟಿನ ಹುಡುಗ ಮೀಟರಿನ ವಿಡಿಯೋ ತೆಗೆದ. ಇಂಜಿನ್ ಆಫ್ ಇದ್ದಾಗಿನ ಅಂಕಿಯನ್ನು ಮೊದಲು ಬರೆದುಕೊಂಡೆವು. ಇದು ಮುಖ್ಯ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 1013 ಮಿಲಿಬಾರ್, ಸಾವಿರ ಮೀಟರ್ ಎತ್ತರದಲ್ಲಿ ಸುಮಾರು 900. ಘಟ್ಟದ ಮೇಲೆ ನಿಂತು ಪುಸ್ತಕದ ಅಂಕಿ ಹಿಡಿದರೆ ಲೆಕ್ಕ ತಪ್ಪುತ್ತದೆ.

ಮೂರನೇ ಗೇರಿನಲ್ಲಿ ಏರು ಹತ್ತುವಾಗ ಪೂರ್ತಿ ತುಳಿದಾಗ ಒತ್ತಡ ಹೊರಗಾಳಿಗಿಂತ ಸುಮಾರು 70 ಮಿಲಿಬಾರ್ ಮೇಲೆ ಹೋಯಿತು. ಸ್ವಲ್ಪ ಕೆಳಗಿರಬೇಕಾದ ಜಾಗದಲ್ಲಿ ಇಷ್ಟು ಮೇಲೆ! ಕಾಲು ತೆಗೆದ ಕೂಡಲೇ ಇಳಿದು ಮತ್ತೆ ಸೆಳೆತ. ಎರಡನೇ ತಿರುವು ಇದು. ಟರ್ಬೋದಿಂದ ಆಯಿಲ್ ಇಳಿಯದಿರಲು ಇಷ್ಟು ಸಾಕು.

ಒತ್ತಡ ಬರುತ್ತಿರುವುದು ಎಲ್ಲಿಂದ?

ಎರಡು ಸಾಧ್ಯತೆ. ಒನ್-ವೇ ವಾಲ್ವ್ ಮುಚ್ಚದೆ ಬೂಸ್ಟ್ ಗಾಳಿ ಹಿಂದಕ್ಕೆ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತಿರಬಹುದು. ಅಥವಾ ಎರಡನೇ ಪೈಪ್ ಕಟ್ಟಿ ಬ್ಲೋ-ಬೈ ಹೊರಗೆ ಹೋಗಲಾಗದೆ ಇರಬಹುದು. ಎರಡನ್ನೂ ಒಟ್ಟಿಗೆ ಬದಲಿಸಿಬಿಟ್ಟರೆ ಸರಿಯಾಗುತ್ತಿತ್ತೇನೋ. ಆದರೆ ಯಾವುದು ಕಾರಣ ಎಂದು ಗೊತ್ತಾಗುತ್ತಿರಲಿಲ್ಲ, ಮುಂದೆ ಏನನ್ನು ಕಾಯಬೇಕು ಎಂಬುದೂ ತಿಳಿಯುತ್ತಿರಲಿಲ್ಲ.

ಮ್ಯಾನಿಫೋಲ್ಡಿಗೆ ಹೋಗುವ ಹೋಸನ್ನು ಕ್ಲ್ಯಾಂಪಿನಿಂದ ಒತ್ತಿ ಮುಚ್ಚಿ ಅದೇ ಏರು ಹತ್ತಿಸಿದೆವು. 70 ಇದ್ದದ್ದು 25ಕ್ಕೆ ಇಳಿಯಿತು. ಅಂದರೆ ಹೆಚ್ಚಿನ ಪಾಲು ವಾಲ್ವಿನ ದೋಷ. ಆದರೂ ಸೊನ್ನೆಗೆ ಬರಲಿಲ್ಲ. ಎರಡನೇ ಹೋಸ್ ಬಿಚ್ಚಿ ಬಾಯಲ್ಲಿ ಊದಿದರೆ ಉಸಿರು ಹೋಗುವುದೇ ಕಷ್ಟ. ಕೊಯ್ದು ನೋಡಿದೆವು. ಬೂದುಬಣ್ಣದ ಗಸಿ ಒಳಗೋಡೆಗೆ ಕಟ್ಟಿಕೊಂಡು, ನಡುವೆ ಒಂದು ಸಣ್ಣ ತೂತು ಮಾತ್ರ ಉಳಿದಿತ್ತು. ವಾಲ್ವಿನ ರಬ್ಬರಿನ ಅಂಚಿನಲ್ಲೂ ಅದೇ ಗಸಿ ಗಟ್ಟಿಯಾಗಿ ಕೂತು ಅದನ್ನು ಪೂರ್ತಿ ಮುಚ್ಚಲು ಬಿಟ್ಟಿರಲಿಲ್ಲ. ಎರಡು ದೋಷಕ್ಕೂ ಮೂಲ ಒಂದೇ.

ಡಬ್ಬದಲ್ಲಿದ್ದ ಹಳೆಯ ಟರ್ಬೋವನ್ನೂ ಆವತ್ತೇ ನೋಡಿದೆವು. ಶಾಫ್ಟ್ ಅಲುಗಾಟ ಮಿತಿಯೊಳಗೆ. ಚಕ್ರ ಎಲ್ಲೂ ಉಜ್ಜಿರಲಿಲ್ಲ. ಅದು ಕೆಟ್ಟಿರಲೇ ಇಲ್ಲ. ಮೇಡಂಗೆ ಇದನ್ನು ಹೇಳುವುದು ಸುಲಭವಾಗಿರಲಿಲ್ಲ. ಹೊಸ ಟರ್ಬೋ ಹಾಕಿದ ಮೇಲೆ ಕೆಲವು ವಾರ ಹೊಗೆ ನಿಂತದ್ದಕ್ಕೂ ಕಾರಣ ಸಿಕ್ಕಿತು. ಟರ್ಬೋ ಬದಲಿಸುವಾಗ ಇಂಟರ್‌ಕೂಲರನ್ನೂ ಪೈಪುಗಳನ್ನೂ ತೊಳೆದಿದ್ದರು. ಮತ್ತೆ ಆಯಿಲ್ ತುಂಬಿ ನಿಲ್ಲುವವರೆಗೆ ಹೊಗೆ ಕಾಣಲಿಲ್ಲ, ಅಷ್ಟೇ.

ಏನು ಮಾಡುವುದು ಎಂಬ ತೀರ್ಮಾನ

ಈ ಇಂಜಿನ್ನಿನಲ್ಲಿ ವಾಲ್ವ್, ಆಯಿಲ್ ಬೇರ್ಪಡಿಸುವ ಅರೆಗಳು ಎಲ್ಲ ಇಂಜಿನ್ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನೊಳಗೇ ಇವೆ. ಕಂಪನಿ ಇಡೀ ಕವರನ್ನೇ ಕೊಡುತ್ತದೆ. ಹೊರಗಡೆ ರಬ್ಬರ್ ಕಿಟ್ ಅಗ್ಗಕ್ಕೆ ಸಿಗುತ್ತದೆ. ಕವರಿನ ಒಳಗಿನ ಅರೆಗಳಲ್ಲಿ ಗಸಿ ಎಷ್ಟು ಕೂತಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ, ಬೆಸೆದ ಪ್ಲಾಸ್ಟಿಕ್ಕಾದ್ದರಿಂದ ತೆರೆಯಲೂ ಆಗುವುದಿಲ್ಲ. ಇಡೀ ಕವರ್, ಎರಡೂ ಹೋಸ್ ಹೊಸದು ಹಾಕುವುದೆಂದು ನಿರ್ಧರಿಸಿದೆವು. ಟರ್ಬೋದ ಬೆಲೆಗೆ ಹೋಲಿಸಿದರೆ ಇದು ಬಹಳ ಕಡಿಮೆ.

ದಪ್ಪ ಆಯಿಲಿನ ಸಲಹೆಯನ್ನು ಪೂರ್ತಿ ಬಿಟ್ಟೆವು. 0ಡಬ್ಲ್ಯೂ-20 ಬೇಡುವ ಇಂಜಿನ್ನಿಗೆ 20ಡಬ್ಲ್ಯೂ-50 ಹಾಕಿದರೆ ಬೆಳಗಿನ ಚಳಿಯಲ್ಲಿ ಟರ್ಬೋ ಬೇರಿಂಗಿಗೆ ಆಯಿಲ್ ತಲುಪುವುದು ತಡವಾಗುತ್ತದೆ. ಇಳಿಯಲಾಗದೆ ನಿಲ್ಲುತ್ತಿದ್ದ ಆಯಿಲ್ ಇನ್ನೂ ನಿಧಾನವಾಗಿ ಇಳಿಯುತ್ತದೆ.

ಹೆಚ್ಚು ಚರ್ಚೆಯಾದದ್ದು ಕ್ಯಾಚ್ ಕ್ಯಾನ್ ಬಗ್ಗೆ. ಮೇಡಂ ಮಗ ಎಲ್ಲೋ ನೋಡಿ, ಹೋಸ್ ನಡುವೆ ಒಂದು ಡಬ್ಬಿ ಹಾಕಿಸಿದರೆ ಆಯಿಲ್ ಅಲ್ಲೇ ಹಿಡಿಯುತ್ತಲ್ವಾ ಅಂಕಲ್ ಎಂದು ಕೇಳಿದ. ಹುಡುಗನ ಯೋಚನೆ ತಪ್ಪಲ್ಲ. ನೇರ ಇಂಜೆಕ್ಷನ್ನಿನಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವಿನ ಮೇಲೆ ಬೀಳುವುದಿಲ್ಲ, ಸೀದಾ ಸಿಲಿಂಡರಿಗೆ ಹೋಗುತ್ತದೆ. ವಾಲ್ವ್ ತೊಳೆಯುವವರಿಲ್ಲದೆ ಆಯಿಲ್ ಮಂಜು ಅಲ್ಲಿ ಕೂತು ಕಾರ್ಬನ್ ಕಟ್ಟುತ್ತದೆ. ಆಯಿಲ್ ಹನಿ ಸಿಲಿಂಡರಿಗೆ ಹೋದರೆ ಕಡಿಮೆ ವೇಗದಲ್ಲಿ ಭಾರ ಬಿದ್ದಾಗ ಸ್ಪಾರ್ಕ್‌ಗೆ ಮೊದಲೇ ಉರಿ ಹೊತ್ತಿಕೊಳ್ಳುವ ಅಪಾಯವೂ ಇದೆ. 2020ರಲ್ಲಿ ಬಂದ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಗೊತ್ತುಮಾಡಿದ ಎಸ್‌ಪಿ ದರ್ಜೆಯ ಆಯಿಲಿನಲ್ಲಿ ಇದನ್ನು ತಡೆಯುವ ಪರೀಕ್ಷೆಯೂ ಸೇರಿದೆ. ಬಿಸಿಲು ಜಾಸ್ತಿ ಇರುವ ಬಳ್ಳಾರಿ, ರಾಯಚೂರು ಕಡೆ ದಿನಾ ಹೈವೇಯಲ್ಲಿ ಓಡುವ ಕಾರಾಗಿದ್ದರೆ, ಒಳಗೆ ತಡೆಗಳಿರುವ, ಮುಚ್ಚಿದ ಕ್ಯಾನ್ ಒಂದನ್ನು ನಾನೂ ಯೋಚಿಸುತ್ತಿದ್ದೆ.

ಈ ಕಾರಿಗೆ ಬೇಡ ಎಂದೆ. ಇಲ್ಲಿ ಕ್ಯಾನ್ ತುಂಬುವುದು ಆಯಿಲಿನಿಂದಲ್ಲ, ನೀರಿನಿಂದ. ಮಳೆಗಾಲದಲ್ಲಿ ಬೇಗ ಬೇಗ ಖಾಲಿ ಮಾಡಬೇಕು. ಮರೆತರೆ ತುಂಬಿ ದಾರಿ ಕಟ್ಟುತ್ತದೆ, ಮತ್ತೆ ಅದೇ ಒತ್ತಡ. ತಣ್ಣನೆಯ ಪೈಪ್ ಇನ್ನಷ್ಟು ಉದ್ದವಾದರೆ ಗಸಿ ಕಟ್ಟಲು ಜಾಗವೂ ಜಾಸ್ತಿ. ಇನ್ನು ಹೋಸನ್ನು ಬಿಚ್ಚಿ ಹೊರಗೆ ಬಿಡುವುದು ನಮ್ಮಲ್ಲಿ ನಡೆಯುವುದಿಲ್ಲ. ನಮ್ಮ ದೇಶದ ವಾಹನ ಮಾಲಿನ್ಯದ ಬಿಎಸ್6 ನಿಯಮದಲ್ಲಿ ಪೆಟ್ರೋಲ್ ಕಾರಿನ ಕ್ರ್ಯಾಂಕ್‌ಕೇಸ್ ಗ್ಯಾಸನ್ನು ಹೊರಗೆ ಬಿಡುವ ಹಾಗಿಲ್ಲ. ಆ ಗ್ಯಾಸಿನ ವಾಸನೆ ಎಸಿ ದಾರಿಯಲ್ಲಿ ಒಳಗೂ ಬರುತ್ತದೆ, ಅದನ್ನು ದಿನಾ ಉಸಿರಾಡುವುದು ಒಳ್ಳೆಯದಲ್ಲ.

ಫಲ

ಕವರ್, ಹೋಸ್ ಹಾಕಿ, ಇಂಟರ್‌ಕೂಲರ್ ಮತ್ತು ಪೈಪುಗಳನ್ನು ಪೂರ್ತಿ ತೊಳೆದು ಒಣಗಿಸಿದೆವು. ಆಯಿಲ್ ಬದಲಿಸಿದೆವು. ಡಿಪ್‌ಸ್ಟಿಕ್ಕಿನ ಟ್ಯಾಗ್ ಕತ್ತರಿಸಿ ಬಿಸಾಕಿದೆವು. ಅದೇ ಏರಿನಲ್ಲಿ ಅದೇ ಗೇರಿನಲ್ಲಿ ಅಳೆದಾಗ ಒತ್ತಡ ಹೊರಗಾಳಿಗಿಂತ ಸುಮಾರು 5 ಮಿಲಿಬಾರ್ ಕೆಳಗೆ ನಿಂತಿತು. ಸೈಲೆನ್ಸರಿನಲ್ಲಿ ಮೊದಲೇ ಸೇರಿದ್ದ ಆಯಿಲ್ ಉರಿಯುವವರೆಗೆ ಅಲ್ಪಸ್ವಲ್ಪ ಹೊಗೆ ಇರುತ್ತದೆ, ಹೆದರಬೇಡಿ ಎಂದು ಮೇಡಂಗೆ ಮೊದಲೇ ಹೇಳಿದ್ದೆವು. ಹೇಳದಿದ್ದರೆ ಈ ರಿಪೇರಿಯೂ ಸುಳ್ಳು ಎಂದು ಅವರಿಗೆ ಅನ್ನಿಸುತ್ತಿತ್ತು. ಹೊಗೆ ನಿಂತಿತು. ಮುಂದಿನ ಸರ್ವಿಸ್‌ವರೆಗೆ ಆಯಿಲ್ ಸೇರಿಸುವ ಪ್ರಮೇಯ ಬರಲಿಲ್ಲ.

ಆದರೆ ಓಡಾಟ ಬದಲಾಗದೆ ರೋಗ ಪೂರ್ತಿ ಹೋಗುವುದಿಲ್ಲ. ಮನೆ, ಶಾಲೆ ಎರಡೂ ಅಲ್ಲೇ ಇವೆ. ಹಾಗಾಗಿ ಮೂರು ವಿಷಯ ಒಪ್ಪಿಕೊಂಡೆವು. ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ನಿಲ್ಲಿಸದೆ ಓಡಿಸುವುದು, ಆಯಿಲ್ ಚೆನ್ನಾಗಿ ಬಿಸಿಯಾಗಲಿ ಎಂದು. ಸುಮ್ನೆ ಐಡಲ್‌ನಲ್ಲಿ ನಿಲ್ಲಿಸಿದರೆ ಅದು ಆಗುವುದಿಲ್ಲ. ಕಿಲೋಮೀಟರ್ ಲೆಕ್ಕ ಬಿಟ್ಟು ಆರು ತಿಂಗಳಿಗೊಮ್ಮೆ ಆಯಿಲ್ ಬದಲಿಸುವುದು. ಮಳೆಗಾಲ ಮುಗಿದ ಮೇಲೆ ಎರಡನೇ ಹೋಸ್ ಬಿಚ್ಚಿ ಊದಿ ನೋಡುವುದು. ಆ ಹೋಸಿಗೆ ಶಾಖ ಹಿಡಿಯುವ ಕವಚವನ್ನೂ ಸುತ್ತಿದೆವು.

ನಮ್ಮ ಗ್ಯಾರೇಜಿನಲ್ಲಿ ಈಗ ಒಂದು ಪದ್ಧತಿ ಬಂದಿದೆ. ಯಾವ ಟರ್ಬೋ ಕಾರು ಹೊಗೆ ಅಂತ ಬಂದರೂ, ಭಾರದಲ್ಲಿ ಕ್ರ್ಯಾಂಕ್‌ಕೇಸ್ ಒತ್ತಡ ಅಳೆದು ಬರೆಯದೆ ಟರ್ಬೋಗೆ ಆರ್ಡರ್ ಹಾಕುವುದಿಲ್ಲ. ಟರ್ಬೋದ ಆಯಿಲ್ ಇಳಿಯುವ ಪೈಪನ್ನೂ ಜೊತೆಗೇ ನೋಡುತ್ತೇವೆ, ಅದು ಕಟ್ಟಿದ್ದರೂ ಹೊಗೆ ಇದೇ ರೀತಿ ಬರುತ್ತದೆ. ಇಂಟರ್‌ಕೂಲರ್ ಪೈಪಿನಲ್ಲಿ ತೆಳುವಾದ ಆಯಿಲ್ ಪಸೆ ಇದ್ದರೆ ಅದು ಸಹಜ. ಬಗ್ಗಿಸಿದರೆ ಸುರಿಯುವಷ್ಟು ಇದ್ದರೆ ಮಾತ್ರ ಹುಡುಕಾಟ ಶುರು.

ಮುಂದಿನ ಮಳೆಗಾಲ ಮುಗಿದ ಮೇಲೆ ಕಾರು ಬಂತು. ಮುಚ್ಚಳದ ಅಡಿಯಲ್ಲಿ ಮತ್ತೆ ತೆಳ್ಳಗೆ ಬಿಳಿ ಪಸೆ ಇತ್ತು, ಹೋಸಿನಲ್ಲಿ ಉಸಿರು ಸರಾಗವಾಗಿ ಹೋಯಿತು. ಕ್ರ್ಯಾಂಕಿನ ಹಿಂದಿನ ಸೀಲಿನ ಬೆವರು ಪೂರ್ತಿ ಹೋಗಿಲ್ಲ, ಹೆಚ್ಚೂ ಆಗಿಲ್ಲ. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು. ಕ್ಲಚ್ ಕೆಲಸ ಬಂದಾಗ ಒಟ್ಟಿಗೆ ಮಾಡೋಣ ಎಂದು ಜಾಬ್ ಕಾರ್ಡಿನಲ್ಲಿ ಬರೆದು ಬಿಟ್ಟಿದ್ದೇವೆ.